ನೀಲಿ ಕಡೆಯವರು

ಬಳ್ಳಾರಿಯ ಮೇ ತಿಂಗಳು. ಮಧ್ಯಾಹ್ನ ಯಾರೂ ಹೊಲಿಯಲಾರರು,
ಅದಕ್ಕೇ ಕೌಲ್ ಬಜಾರಿನ ನಮ್ಮ ಯೂನಿಟ್ಟು
ಬೆಳಿಗ್ಗೆ ಆರಕ್ಕೇ ಶುರು.
ಸಮುದ್ರದಾಚೆ ಆಗ ರಾತ್ರಿಯಂತೆ,
ದೀಪ ಹಾಕಿಕೊಂಡು ಆಡುತ್ತಾರಂತೆ.

ಹೊನ್ನೂರವಲಿ ಬಾಬಿನ್ ಡಬ್ಬಿಗೆ ಫೋನು ಆನಿಸಿಡುತ್ತಾನೆ.
ಸೀಳು ಬಿದ್ದ ಗಾಜು,
ಎಡಮೂಲೆಗೆ ಬಂದ ಆಟಗಾರನಿಗೆ ಯಾವಾಗಲೂ ಎರಡು ತಲೆ.
ಮೊದಮೊದಲು ನಗುತ್ತಿದ್ದೆ ನಾನು:
ಅಷ್ಟೆತ್ತರದ ಗಂಡಸರು
ತಳವಿಲ್ಲದ ಬುಟ್ಟಿಗೆ ಚೆಂಡು ಹಾಕಲು ಇಷ್ಟು ಬೆವರೇ?
ತುಂಬದ ಬುಟ್ಟಿ ನಮ್ಮ ಮನೆಯಲ್ಲೂ ಇದೆ.

ನಾವು ನೀಲಿ ಅಂಗಿಯವರ ಕಡೆ.
ಡೆನಿಮ್ಮಿನ ಬಣ್ಣ ಉಗುರ ಸಂದಿಗೆ ಇಳಿದು
ಅನ್ನ ಕಲಸುವಾಗಲೂ ಬಿಡದವರು
ಇನ್ನಾರ ಕಡೆ ಇರಬೇಕು?

ವರ್ಷವೆಲ್ಲ ಆಡಿದ್ದನ್ನು ಯಾರೂ ನೋಡಲಿಲ್ಲ.
ಹೊನ್ನೂರವಲಿ ಕೂಡ ಅಂಕ ನೋಡಿ ಫೋನು ಜೇಬಿಗಿಡುತ್ತಿದ್ದ.
ಈಗ ಬೇರೆ. ಈಗ ಅದೇ ಮಂದಿಯನ್ನು ಏಳು ಸಲ ಎದುರಿಸಬೇಕು,
ಮೊದಲು ನಾಲ್ಕು ಗೆದ್ದವರು ಮುಂದೆ,
ಉಳಿದವರು ಮನೆಗೆ.
ಮೊದಲ ದಿನ ಅಪರಿಚಿತರು.
ಐದನೇ ದಿನಕ್ಕೆ ಒಂದೇ ಅಡಿಗೆಮನೆಯ ಓರಗಿತ್ತಿಯರು:
ಯಾವ ಮಾತಿಗೆ ಯಾವ ಪಾತ್ರೆ ಸದ್ದು ಮಾಡುತ್ತದೆಂದು
ಇಬ್ಬರಿಗೂ ಗೊತ್ತು.

ಮೂರು ಸೋತು ಒಂದು ಗೆದ್ದಿದ್ದರು ನಮ್ಮವರು.
ಐದನೇ ಆಟದ ಹೊತ್ತಿಗೆ ಇಸ್ತ್ರಿಯ ಎರ್ರಿಸ್ವಾಮಿ ಚಹಾ ತರಲು ಹೋಗಿದ್ದ,
ಗೆದ್ದರು.
ಆರನೇ ಆಟಕ್ಕೆ ನಾವೇ ಅವನನ್ನು ಹೊರಗಟ್ಟಿದೆವು,
ಗೆದ್ದರು.
ಇವತ್ತು ತಾನಾಗಿಯೇ ಕೆಟಲ್ ಹಿಡಿದು
ಬಾಗಿಲಾಚೆ ನಿಂತಿದ್ದಾನೆ, ಗೋಡೆಗೆ ಮುಖ ಮಾಡಿ.
ಅವನಷ್ಟು ಯಾರೂ ಆಡಿಲ್ಲ ಈ ಆಟ.

ಎರಡು ನಿಮಿಷ ಉಳಿದಿದೆ ಅನ್ನುತ್ತದೆ ಅಲ್ಲಿಯ ಗಡಿಯಾರ.
ಸುಳ್ಳು.
ನಿಲ್ಲಿಸುತ್ತಾರೆ, ಗುಂಪುಗೂಡುತ್ತಾರೆ,
ಕೋಚು ಹಲಗೆಯ ಮೇಲೆ ಗೆರೆ ಎಳೆಯುತ್ತಾನೆ
ನಮ್ಮ ಕಟಿಂಗ್ ಮಾಸ್ಟರ್ ಸೀಮೆಸುಣ್ಣದಲ್ಲಿ ಎಳೆದ ಹಾಗೆ,
ಆಮೇಲೆ ಬಟ್ಟೆ ತನ್ನಿಷ್ಟಕ್ಕೆ ಹೋಗುವ ಹಾಗೆ.
ಇಪ್ಪತ್ತು ನಿಮಿಷವಾಯಿತು ಆ ಎರಡು ನಿಮಿಷ.
ನನ್ನ ಲೆಕ್ಕದಲ್ಲಿ ಹದಿನೆಂಟು ಜೇಬು.
ಹೋಗಲಿ.

ಒಂದೊಂದಾಗಿ ಮೆಷಿನ್ನು ನಿಂತವು.
ಸುಂಕಮ್ಮನದು, ಮಾಬುನ್ನಿಯದು, ಕೊನೆಗೆ ಆ ಕಿವುಡು ಓವರ್‌ಲಾಕು.
ಹನ್ನೊಂದು ವರ್ಷದಲ್ಲಿ ಮೊದಲ ಸಲ
ಒಳಗೆ ಗುಬ್ಬಿ ಇದೆಯೆಂದು ತಿಳಿಯಿತು.
ಸದ್ದಿಲ್ಲದ್ದು ಕೇಳಿ ಓಡಿಬಂದರು ಸಾಹುಕಾರ್ ಗಾದಿಲಿಂಗಪ್ಪ:
‘ಯಾಕ್ರೀ, ಕರೆಂಟ್ ಹೋತಾ?’
ಫ್ಯಾನು ತಿರುಗುತ್ತಿತ್ತು. ಯಾರೂ ಮಾತಾಡಲಿಲ್ಲ.
ಬೈಯಲೆಂದೇ ಬಗ್ಗಿದರು, ಬಗ್ಗಿಯೇ ಉಳಿದರು.
‘ಎಷ್ಟೈತಿ?’
‘ಒಂದು ಹಿಂದೆ.’
‘ಹೊತ್ತು?’
‘ನಾಕು ಸೆಕೆಂಡು.’
ಬೀಗದ ಕೈ ಗೊಂಚಲನ್ನು ಮುಷ್ಟಿಯಲ್ಲಿ ಅಮುಕಿಕೊಂಡರು.

ದೊಡ್ಡ ಆಟಗಾರನನ್ನು ಮೂವರು ಮುತ್ತಿದ್ದರು.
ಚೆಂಡು ಹೋದದ್ದು ಆ ಹುಡುಗನಿಗೆ,
ಹೆಗಲಿಗೆ ಟವೆಲ್ಲು ಹಾಕಿ ವರ್ಷವಿಡೀ ಬೆಂಚಿನಲ್ಲಿ ಕೂತವನಿಗೆ.
ಎಡಮೂಲೆಯಲ್ಲಿದ್ದ. ಎರಡು ತಲೆ.
ಎಸೆದ.
ಹಲಗೆಯ ಸುತ್ತ ಕೆಂಪು ದೀಪ ಹತ್ತಿತು,
ಗಂಟೆ ಹೊಡೆಯಿತು,
ಕೈಬಿಟ್ಟ ಮೇಲೆ ಹೊಡೆದರೆ ಲೆಕ್ಕಕ್ಕುಂಟು,
ಹೊನ್ನೂರವಲಿ ಕಲಿಸಿದ್ದ ನನಗೆ.
ಹೊತ್ತು ಮುಗಿದಿತ್ತು.
ಚೆಂಡು ಮುಗಿದಿರಲಿಲ್ಲ.

ಕಬ್ಬಿಣದ ಬಳೆಯ ಮೇಲೆ ಸುತ್ತಿತು ಒಂದು ಸುತ್ತು,
ಇನ್ನರ್ಧ ಸುತ್ತು,
ಹೊರಗೆ ಬಿತ್ತು.

ಗೆದ್ದವನೊಬ್ಬ ಕುಣಿಯುವುದು ಬಿಟ್ಟು ಬಂದು
ಆ ಹುಡುಗನ ಕತ್ತಿಗೆ ಕೈಯಿಟ್ಟು ಏನೋ ಹೇಳಿದ.
ಏಳು ಆಟ ಮೈಗೆ ಮೈ ತಿಕ್ಕಿದವನು,
ಅವನ ಬೆವರಿನ ವಾಸನೆ ಹೆಂಡತಿಯಷ್ಟೇ ಬಲ್ಲವನು.

‘ಈಗ ಒಳಗ ಬರ್ಲ್ಯಾ?’ ಹೊರಗಿಂದ ಎರ್ರಿಸ್ವಾಮಿ.
ಅವನಿಗೆ ಹೇಳುವವರಾರು?
‘ನಾಳೆ ಮತ್ತ ಎಷ್ಟೊತ್ತಿಗೆ?’ ಕೇಳಿದರು ಸಾಹುಕಾರರು.
‘ನಾಳೆ ಇಲ್ರೀ. ಏಳು ಮುಗದ್ವು.’
‘ಮುಗದ್ವು ಅಂದ್ರ?’
ಸ್ವಲ್ಪ ಹೊತ್ತು ನಿಂತೇ ಇದ್ದರು,
ಹದಿನೆಂಟು ಜೇಬಿನ ಮಾತೆತ್ತಲಿಲ್ಲ.

ಚಹಾ ಆರಿತ್ತು, ಕುಡಿದೆವು.
ಹತ್ತೊಂಬತ್ತನೆಯ ಜೇಬಿನ ಹೊಲಿಗೆ
ಮೂಲೆಯಲ್ಲಿ ತಿರುಗಲಾರದೆ ದುಂಡಗಾಯಿತು.
ಬಿಚ್ಚಲಿಲ್ಲ ನಾನು.
ಯಾವ ಊರಿನಲ್ಲೋ ಯಾರೋ
ಅದರೊಳಗೆ ಕೈಯಿಟ್ಟುಕೊಂಡು
ಏನೋ ಕಾಯುತ್ತ ನಿಲ್ಲಲಿ.